ಜಗುಲಿಯ ಗೋಡೆಯ ಮೇಲೆ ಬಿದ್ದ ಕಾಯಿ

"ಯುಗಾದಿ ಬರುವುದರೊಳಗೆ ಈ ಮನೆಯಲ್ಲಿ ಗ್ರಾಫು ಓದಲು ಬಾರದ ಒಂದೇ ಒಂದು ಜೀವ ಉಳಿಯಕೂಡದು!"

ಮಲ್ಲಿಕಾರ್ಜುನಯ್ಯ ಮೇಷ್ಟ್ರು 1979ರ ಫೆಬ್ರವರಿಯ ಒಂದು ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದವರೇ, ಸೈಕಲ್ಲನ್ನು ಜಗುಲಿಗೆ ಒರಗಿಸುವ ಮೊದಲೇ, ಹೀಗೆ ಶುದ್ಧ ಗ್ರಂಥಭಾಷೆಯಲ್ಲಿ ಘೋಷಣೆ ಮಾಡಿದರು. ಆ ಹೊತ್ತಿಗೆ ಮನೆಯಲ್ಲಿದ್ದ ಜೀವಗಳು ಎರಡು. ಒಂದು ಅವರ ಹೆಂಡತಿ ಹೊಂಬಾಳಮ್ಮ, ಇನ್ನೊಂದು ಕೊಟ್ಟಿಗೆಯ ಎಮ್ಮೆ. ಎಮ್ಮೆ ತಲೆಯೆತ್ತಿ ನೋಡಿತು. ಹೊಂಬಾಳಮ್ಮ ಅಷ್ಟೂ ಮಾಡಲಿಲ್ಲ.

"ಮುದ್ದೆ ಆರ್ತಾ ಐತೆ. ಕೈಕಾಲು ತೊಳ್ಕೊಂಡು ಬನ್ನಿ," ಎಂದರು.

ಮೇಷ್ಟ್ರ ಕೋಪಕ್ಕೆ ಕಾರಣ ಅವರ ಕೈಚೀಲದಲ್ಲಿತ್ತು: ಹತ್ತನೆಯ ತರಗತಿಯ ನಲವತ್ತೆರಡು ಉತ್ತರಪತ್ರಿಕೆಗಳು. ಪ್ರಶ್ನೆಯಲ್ಲಿ ಒಬ್ಬ ಸೈಕಲ್ ಸವಾರನ ಗ್ರಾಫು ಕೊಟ್ಟಿತ್ತು. ಅಡ್ಡಗೆರೆ ಕಾಲ, ಉದ್ದಗೆರೆ ಮನೆಯಿಂದ ಅವನು ಎಷ್ಟು ದೂರದಲ್ಲಿದ್ದಾನೆ ಎಂಬುದು. ಗೀಟು ಮೊದಲು ಮೇಲಕ್ಕೆ ಏರಿ, ಸ್ವಲ್ಪ ಹೊತ್ತು ಮಟ್ಟಸವಾಗಿ ನಡೆದು, ಆಮೇಲೆ ಕೆಳಕ್ಕೆ ಇಳಿದಿತ್ತು. ಸವಾರ ದೂರ ಹೋದ, ಎಲ್ಲೋ ನಿಂತ, ಮನೆಗೆ ವಾಪಸು ಬಂದ. ಉತ್ತರ ಇಷ್ಟೇ. ಆದರೆ ಮೂವತ್ತೆಂಟು ಮಕ್ಕಳು, ಸವಾರ ಗುಡ್ಡ ಹತ್ತಿ, ಗುಡ್ಡದ ನೆತ್ತಿಯ ಮೇಲೆ ಸೈಕಲ್ ಹೊಡೆದು, ಆಚೆ ಕಡೆ ಇಳಿದನೆಂದು ಬರೆದಿದ್ದರು. ಒಬ್ಬಳು ಅದು ಯಾವ ಗುಡ್ಡವೆಂದೂ ಹೆಸರಿಸಿದ್ದಳು. ಇನ್ನೊಬ್ಬ, ಇಳಿಜಾರು ಕಡಿದಾಗಿರುವುದರಿಂದ ಸವಾರ ಎರಡೂ ಬ್ರೇಕು ಹಿಡಿಯುವುದು ಕ್ಷೇಮವೆಂದು ಸಲಹೆ ಕೊಟ್ಟಿದ್ದ. ಉಳಿದ ನಾಲ್ವರು ಆ ಪ್ರಶ್ನೆಯನ್ನೇ ಬಿಟ್ಟಿದ್ದರು. ಬುದ್ಧಿವಂತರು!

"ಗೀಟು ಮಟ್ಟಸವಾಗಿದ್ದರೆ ಸವಾರ ನಿಂತಿದ್ದಾನೆ ಅಂತ ಅರ್ಥ ಕಣೇ," ಎಂದು ಮೇಷ್ಟ್ರು ಮುದ್ದೆಯ ಮುಂದೆ ಕುಳಿತು, ಸಾರಿನಲ್ಲಿ ಬೆರಳದ್ದಿ ತಟ್ಟೆಯ ಅಂಚಿನಲ್ಲಿ ಗೀಟೆಳೆದರು.

"ನಿಂತಿದ್ರೆ ಗೀಟ್ಯಾಕೆ ಮುಂದಕ್ಕೆ ಹೋಗ್ತದೆ?"

"ಅವನು ನಿಂತರೆ ಕಾಲ ನಿಲ್ಲುತ್ತೇನೇ?"

"ಓ, ನಿಮ್ಮ ಹಂಗನ್ನಿ. ಜಗುಲೀಲಿ ಕೂತೋರು ಕೂತಲ್ಲೇ ಇರ್ತೀರಿ, ಹೊತ್ತು ಮಾತ್ರ ಹೋಗ್ತಾ ಇರ್ತದೆ."

ಮೇಷ್ಟ್ರಿಗೆ ಇದರಲ್ಲಿ ಕುಹಕ ಮಾತ್ರ ಕೇಳಿಸಿತು. ಇಪ್ಪತ್ತೆರಡು ವರ್ಷ ಪಾಠ ಹೇಳಿದವರಿಗೆ ಉತ್ತರ ಕಿವಿಗೆ ಬೀಳುವುದು ಕಷ್ಟ. ಅವರ ಕಿವಿ ಯಾವಾಗಲೂ ತಮ್ಮ ಮುಂದಿನ ಪ್ರಶ್ನೆಗಾಗಿ ಕಾಯುತ್ತಿರುತ್ತದೆ.

"ತಪ್ಪು ಗ್ರಾಫಿನದಲ್ಲ," ಎಂದು ಅವರು ಕೈ ತೊಳೆಯುತ್ತಾ ತೀರ್ಮಾನಿಸಿದರು. "ಉದಾಹರಣೆಯದು. ನಮ್ಮ ಮಕ್ಕಳು ಹುಟ್ಟಿದಾಗಿನಿಂದ ನೋಡಿರೋದು ಏನನ್ನ? ತೆಂಗಿನಕಾಯಿ! ಕಾಯಿ ಬೀಳೋದನ್ನ ಗ್ರಾಫಿನಲ್ಲಿ ತೋರಿಸಿದರೆ ಊರಿಗೆ ಊರೇ ಓದುತ್ತೆ. ದನ ಕಾಯೋನೂ ಓದ್ತಾನೆ!"

ಊರಿಗೆ ಊರೇ ಓದಿತು. ಬಂದ ಕಷ್ಟವೆಲ್ಲ ಅದರಿಂದಲೇ.

ಮರುದಿನ ಭಾನುವಾರ ಬೆಳಗ್ಗೆ ಮೇಷ್ಟ್ರು ಒಂದು ಇದ್ದಿಲ ತುಂಡು ಹಿಡಿದು, ಸುಣ್ಣ ಬಳಿದ ಜಗುಲಿಯ ಗೋಡೆಯ ಮುಂದೆ ನಿಂತರು. ಉದಾಹರಣೆಗೆ ಯಾವುದೋ ಒಂದು ಮರ ಸಾಲದು, ಊರಿಗೆ ಗೊತ್ತಿರುವ ಮರವೇ ಬೇಕು ಎಂದುಕೊಂಡು ತಮ್ಮ ತೋಟದ ಬದುವಿನ ಮರವನ್ನು ಆರಿಸಿಕೊಂಡರು. ಮರದ ಎತ್ತರ ಇಪ್ಪತ್ತು ಮೀಟರು. ಹಾಗಾಗಿ ಗೋಡೆಯ ಮೇಲೆ ನೆಟ್ಟಗೆ ಒಂದು ಉದ್ದಗೆರೆ. ಅದಕ್ಕೆ ಕೆಳಗಿನಿಂದ ಐದು, ಹತ್ತು, ಹದಿನೈದು, ಇಪ್ಪತ್ತು ಎಂದು ಗುರುತು. ಗೆರೆಯ ಬುಡದಿಂದ ಬಲಕ್ಕೆ ಒಂದು ಅಡ್ಡಗೆರೆ, ಅದು ಕಾಲ, ಅದಕ್ಕೆ ಒಂದು, ಎರಡು ಎಂದು ಗುರುತು, ಏಕೆಂದರೆ ಅಷ್ಟೆತ್ತರದಿಂದ ಕಾಯಿ ನೆಲ ಮುಟ್ಟಲು ಎರಡು ಸೆಕೆಂಡು ಬೇಕು. ಆಮೇಲೆ ಪ್ರತಿ ಅರ್ಧ ಸೆಕೆಂಡಿಗೆ ಕಾಯಿ ಎಷ್ಟು ಎತ್ತರದಲ್ಲಿರುತ್ತದೆಂದು ಲೆಕ್ಕ ಹಾಕಿ ಐದು ಕಡೆ ಗುರುತಿಟ್ಟರು. ಬರೀ ಚುಕ್ಕೆ ಇಟ್ಟರೆ ಮಕ್ಕಳಿಗೆ ಬೇಸರವಾದೀತೆಂದು ಪ್ರತಿ ಚುಕ್ಕೆಯನ್ನೂ ಮೂರು ಕಣ್ಣಿನ ಸೊಗಸಾದ ತೆಂಗಿನಕಾಯಿಯಾಗಿ ಬಿಡಿಸಿದರು. ಐದು ಕಾಯಿಗಳನ್ನೂ ಸೇರಿಸಿ ಒಂದು ಬಾಗಿದ ಗೀಟು ಎಳೆದರು. ಅದು ಉದ್ದಗೆರೆಯ ತುದಿಯಿಂದ ಹೊರಟು, ಮೊದಮೊದಲು ನಿಧಾನವಾಗಿ, ಆಮೇಲೆ ಕಡಿದಾಗಿ ಇಳಿದು, ಅಡ್ಡಗೆರೆಯ 'ಎರಡು' ಎಂಬಲ್ಲಿಗೆ ಬಂದು ಮುಟ್ಟಿತು. ಮೇಲೆ ದಪ್ಪಕ್ಷರದಲ್ಲಿ 'ನಮ್ಮ ಬದುವಿನ ಮರದ ಕಾಯಿ' ಎಂದು ಬರೆದರು.

ಅಷ್ಟರಲ್ಲಿ ಇದ್ದಿಲು ಮುಗಿಯಿತು. ಮಕ್ಕಳು ಮೀಟರು, ಸೆಕೆಂಡು ಎಂದು ಬರೆಯದೆ ಬರೀ ಅಂಕಿ ಇಟ್ಟರೆ ನಿರ್ದಾಕ್ಷಿಣ್ಯವಾಗಿ ಅರ್ಧ ಅಂಕ ಕಡಿಯುವ ಮೇಷ್ಟ್ರು, ತಮ್ಮ ಗೋಡೆಯ ಮೇಲೆ ಬರೀ ಅಂಕಿ ಇಟ್ಟು ಸ್ನಾನಕ್ಕೆ ಹೋದರು.

ಈ ಬದುವಿನ ಮರದ ವಿಷಯ ಹೇಳಬೇಕು. ಅದರ ಬುಡ ಮೇಷ್ಟ್ರ ತೋಟದ ಕೊನೆಯ ಸಾಲಿನಲ್ಲಿ. ಬುಡದಿಂದ ಒಂದೇ ಗಜ ಆಚೆಗೆ ಬದು. ಬದುವಿನಾಚೆ ಸಣ್ಣತಿಮ್ಮಯ್ಯನ ತೋಟ. ಹೊನ್ನವಳ್ಳಿ ಕಡೆಯ ಆ ಹಳ್ಳಿಯಲ್ಲಿ ಮರ ಹತ್ತಿ ಕಾಯಿ ಕೀಳಿಸುವವರು ಕಡಿಮೆ. ಬಲಿತು ತಾನಾಗಿ ಉದುರಿದ ಕಾಯಿಯೇ ಅಟ್ಟಕ್ಕೆ ಏರುವುದು, ಅಲ್ಲಿ ವರ್ಷವಿಡೀ ಒಣಗಿ ಉಂಡೆ ಕೊಬ್ಬರಿಯಾಗುವುದು. ಅದಕ್ಕೆ ಊರವರ ಕಟ್ಟಳೆಯೂ ಇತ್ತು: ಮರದ ಮೇಲಿರುವ ತನಕ ಕಾಯಿ ಬುಡದವರದು, ಉದುರಿದ ಕಾಯಿ, ಯಾರ ನೆಲ ಮುಟ್ಟಿತೋ ಅವರದು. ಕೇಳಲು ಎಷ್ಟು ನ್ಯಾಯವಾಗಿದೆ! ಆದರೆ ಕಾಯಿ ಉದುರುವುದನ್ನು ಯಾರೂ ಕಾದು ಕುಳಿತು ನೋಡುವುದಿಲ್ಲ. ಗಾಳಿ ಹೇಗೋ ಹಾಗೆ ಈಚೆಗೂ ಬೀಳುತ್ತಿತ್ತು, ಆಚೆಗೂ ಬೀಳುತ್ತಿತ್ತು, ಉರುಳಿಕೊಂಡೂ ಹೋಗುತ್ತಿತ್ತು. ಒಟ್ಟಿನಲ್ಲಿ ಬೆಳಗ್ಗೆ ಮೊದಲು ಯಾರು ಎದ್ದರೋ ಕಾಯಿ ಅವರ ನೆಲದಲ್ಲಿ ಬಿದ್ದಿರುತ್ತಿತ್ತು. ಹೊಂಬಾಳಮ್ಮ ಬಹಳ ಬೇಗ ಏಳುತ್ತಿದ್ದರು.

ಏಳದೆ ಏನು ಮಾಡುತ್ತಾರೆ? ಆ ಮರ ಅವರದು. ಅತ್ತೆ ಸಾಯುವ ಮುಂಚೆ, "ಈ ಮರದ ಕಾಯಿ ನಿಂದು ಕಣವ್ವ. ಗಂಡನ್ನ ಕೇಳೋಕೆ ಹೋಗ್ಬ್ಯಾಡ," ಎಂದು ಕೊಟ್ಟು ಹೋಗಿದ್ದ ಮರ. ಅದರ ಕೊಬ್ಬರಿ ಮಾರಿ ಹೊಂಬಾಳಮ್ಮ ವರ್ಷಕ್ಕೊಮ್ಮೆ ಒಬ್ಬರೇ ಬಸ್ಸು ಹತ್ತಿ ತಿಪಟೂರಿಗೆ ಹೋಗಿ, ತಮಗೆ ಬೇಕಾದ್ದನ್ನು ಯಾರಿಗೂ ಹೇಳದೆ ತರುತ್ತಿದ್ದರು. ಉಳಿದ ನಾಲ್ಕೆಕರೆ ತೋಟದಲ್ಲಿ ಗಂಡನ ಮಾತು ನಡೆಯುತ್ತಿತ್ತು, ಅಥವಾ ನಡೆಯುತ್ತದೆಂದು ಗಂಡ ನಂಬಿದ್ದರು. ಈ ಒಂದು ಮರದ ವಿಷಯದಲ್ಲಿ ಆ ನಂಬಿಕೆಗೂ ಅವಕಾಶವಿರಲಿಲ್ಲ.

ಇನ್ನೊಂದು ಸಂಗತಿ. ಜಗುಲಿಯ ಗೋಡೆಗೆ ಎದುರಾಗಿ ನಿಂತರೆ ಎಡಗಡೆ ಮೇಷ್ಟ್ರ ತೋಟ, ಬಲಗಡೆ ಸಣ್ಣತಿಮ್ಮಯ್ಯನ ತೋಟ.

ಮೊದಲು ಬಂದು ನೋಡಿದವನೂ ಅವನೇ. ಹಲ್ಲುಜ್ಜುವ ಕಡ್ಡಿಯನ್ನು ಬಾಯಲ್ಲಿಟ್ಟುಕೊಂಡು ಗೋಡೆಯ ಮುಂದೆ ನಿಂತು, ಬಹಳ ಹೊತ್ತು ನೋಡಿದ. ಆ ಊರಿಗೆ ಗೊತ್ತಿದ್ದ ಗೀಟಿನ ಚಿತ್ರ ಒಂದೇ, ಸರ್ವೆಯವರು ಬಂದು ಬರೆಯುವ ಜಮೀನಿನ ಚಿತ್ರ.

"ಮೇಷ್ಟ್ರೇ, ಇದು ನಮ್ಮ ಬದೀನ ಮರ ಅಲ್ವರಾ?"

"ಹೌದು!" ಮೇಷ್ಟ್ರು ಟವೆಲ್ಲಿನಲ್ಲೇ ಓಡಿ ಬಂದರು. ದನ ಕಾಯುವವನಲ್ಲದಿದ್ದರೂ ಪಕ್ಕದ ಮನೆಯವನು ಓದುತ್ತಿದ್ದಾನೆ! "ಭೇಷ್! ಹೇಗೆ ಗೊತ್ತಾಯ್ತು?"

"ಗೊತ್ತಾಗ್ದೆ ಏನು? ಸರಿಯಾಗಿ ಬರ್ದೀರಿ. ಕಾಯಿ ಬೀಳೋದು ಹಿಂಗೇಯಾ?"

"ಹೀಗೇ."

"ಇಲ್ಲಿಂದ ಹೊಂಟು, ಇಲ್ಲಿಗೆ ಬಂದು ಮುಟ್ತದೆ. ಎರಡಕ್ಕೆ."

"ಸರಿಯಾಗಿ ಎರಡಕ್ಕೆ! ಒಂದೂವರೆಗೂ ಅಲ್ಲ, ಎರಡೂವರೆಗೂ ಅಲ್ಲ."

"ತಪ್ಪಿಲ್ಲ ತಾನೇ?"

"ಸಣ್ಣತಿಮ್ಮಯ್ಯ!" ಮೇಷ್ಟ್ರು ಎದೆ ಮುಟ್ಟಿಕೊಂಡರು. "ಕೂದಲೆಳೆಯಷ್ಟು ತಪ್ಪು ಇದ್ದರೆ ನಾನು ಮೇಷ್ಟ್ರ ಕೆಲಸ ಬಿಡ್ತೀನಿ. ಇದು ಲೆಕ್ಕ ಕಣಪ್ಪ, ಲೆಕ್ಕ. ಯಾರ ಮುಂದೆ ಬೇಕಾದರೂ ಹೇಳ್ತೀನಿ."

"ಹೇಳೀರಂತೆ, ಹೇಳೀರಂತೆ," ಎಂದು ಸಣ್ಣತಿಮ್ಮಯ್ಯ ಬಾಯಿ ಮುಕ್ಕಳಿಸಿ ಹೊರಟುಹೋದ. ಅವನು ಕುಣಿಯುವಂತೆ ನಡೆಯುತ್ತಿದ್ದುದನ್ನು ನೋಡಿ ಮೇಷ್ಟ್ರು ವಿದ್ಯೆಯ ಆನಂದವೇ ಅಂಥದ್ದು ಎಂದುಕೊಂಡರು.

ಮುಂದಿನ ಮೂರು ವಾರ ಅವರ ಬದುಕಿನಲ್ಲೇ ಸುಖದ ದಿನಗಳು. ದಾರಿಯಲ್ಲಿ ಹೋಗುವವರೆಲ್ಲ ಗೋಡೆಯ ಮುಂದೆ ನಿಲ್ಲುತ್ತಿದ್ದರು. "ಹೌದಾ ಮೇಷ್ಟ್ರೇ, ಎರಡಕ್ಕೇ ಬೀಳ್ತದಾ?" ಎಂದು ಕೇಳುತ್ತಿದ್ದರು. "ಎರಡಕ್ಕೇ!" ಎಂದು ಇವರು ಸಾರುತ್ತಿದ್ದರು. ಕೆಲವರು ನಗುತ್ತಾ ಹೋದರು. ಹೊಂಬಾಳಮ್ಮ ದಿನಾ ಬೆಳಗ್ಗೆ ಜಗುಲಿ ಗುಡಿಸುವಾಗ ಪೊರಕೆ ನಿಲ್ಲಿಸಿ ಒಂದು ಗಳಿಗೆ ಅದನ್ನು ನೋಡುತ್ತಿದ್ದರು. ಆಮೇಲೆ ಮತ್ತೆ ಗುಡಿಸುತ್ತಿದ್ದರು.

ಮೂರನೆಯ ಭಾನುವಾರ ಸಣ್ಣತಿಮ್ಮಯ್ಯ, ಊರ ಹಿರಿಯ ಕಾಡಸಿದ್ದಪ್ಪನವರನ್ನು ಕರೆದುಕೊಂಡು ಬಂದ. ಹಿಂದೆ ಹತ್ತು ಹನ್ನೆರಡು ಜನ.

"ಯಜಮಾನ್ರೇ, ನೋಡಿ," ಎಂದು ಸಣ್ಣತಿಮ್ಮಯ್ಯ ಕೋಲಿನಿಂದ ತೋರಿಸಿದ. "ಇದು ಮರ. ಇಪ್ಪತ್ತು ಗಜ. ಇದು ನೆಲ. ಇದು ಕಾಯಿ ಬೀಳೋ ದಾರಿ. ಬದು ಇರೋದು ಒಂದು ಗಜಕ್ಕೆ. ಕಾಯಿ ಬೀಳೋದು ಎರಡಕ್ಕೆ. ಅಂದ್ರೆ ನಮ್ಮ ತೋಟದಾಗೆ, ಬದಿನಿಂದ ಒಂದು ಗಜ ಒಳಗೆ! ನಾನು ಹೇಳಿದ್ದಲ್ಲ. ಮೇಷ್ಟ್ರು ತಮ್ಮ ಕೈಯಾರೆ ಬರ್ದಿರೋದು. ಇಷ್ಟು ವರ್ಸ ಹೊಂಬಾಳಕ್ಕ ಎತ್ಕೊಂಡು ಹೋಗಿದ್ದೆಲ್ಲ ನಮ್ಮ ಕಾಯಿ. ಹೋದ್ದು ಹೋಯ್ತು ಬುಡಿ. ಇನ್ನು ಮುಂದೆ ಆ ಮರದಾಗೆ ಉದುರಿದ್ದೆಲ್ಲ ನಂಗೆ ಬರ್ಬೇಕು."

ಮಲ್ಲಿಕಾರ್ಜುನಯ್ಯನವರಿಗೆ ಒಂದು ನಿಮಿಷ ಏನೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ಬಂತು. ನಕ್ಕದ್ದು ತಾವೊಬ್ಬರೇ ಎಂದು ಗೊತ್ತಾದ ಮೇಲೆ ಬೆವರು ಬಂತು.

"ಅಯ್ಯೋ, ಅದು ಮರ ಅಲ್ಲಪ್ಪ! ಎತ್ತರ!"

"ಮರ ಎತ್ತರವಾಗೇ ಐತಲ್ಲ," ಎಂದರು ಕಾಡಸಿದ್ದಪ್ಪ.

"ಇದು ನೆಲ ಅಲ್ಲ. ಕಾಲ. ಟೈಮು!"

"ಕಾಯಿ ಟೈಮಿನ ಮ್ಯಾಲೆ ಬೀಳ್ತದಾ ಮೇಷ್ಟ್ರೇ?"

"ಇಲ್ಲ, ನೆಲದ ಮೇಲೇ ಬೀಳುತ್ತೆ. ನೇರವಾಗಿ ಬುಡಕ್ಕೇ ಬೀಳುತ್ತೆ. ಆದರೆ ಬೀಳೋಕೆ ಎರಡು ಸೆಕೆಂಡು ಹಿಡಿಯುತ್ತಲ್ಲ, ಆ ಎರಡು ಸೆಕೆಂಡನ್ನ ಬಲಕ್ಕೆ ತೋರಿಸಿದೀನಿ."

"ಬುಡಕ್ಕೆ ಬೀಳೋದನ್ನ ಬುಡಕ್ಕೇ ತೋರಿಸ್ದೆ, ತಿಮ್ಮಯ್ಯನ ಕಡೆಗ್ಯಾಕೆ ತೋರಿಸಿದ್ರಿ? ಎಡಕ್ಕೆ, ನಿಮ್ಮ ತೋಟದ ಕಡೆಗೆ ತೋರಿಸಬೇಕಾಗಿತ್ತು."

"ಎಡಕ್ಕೆ ತೋರಿಸೋಕೆ ಬರೋದಿಲ್ಲ ಯಜಮಾನ್ರೇ! ಎಡಕ್ಕೆ ಹೋದರೆ ಕಾಯಿ ಬೀಳೋಕೆ ಮುಂಚೆನೇ ಬಿದ್ದ ಹಾಗಾಗುತ್ತೆ!"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹಂಗಾರೆ," ಎಂದು ಕಾಡಸಿದ್ದಪ್ಪ ನಿಧಾನವಾಗಿ ಹೇಳಿದರು, "ನಿಮ್ಮ ಕಡೆ ಬೀಳೋಕೆ ಸಾಧ್ಯವೇ ಇಲ್ಲ ಅಂತ ನೀವೇ ಒಪ್ಕೊಂಡ್ರಿ."

ಬಾಗಿಲ ಸಂದಿಯಲ್ಲಿ ಹೊಂಬಾಳಮ್ಮನ ಸೆರಗು ಕಾಣಿಸಿತು. ಮೇಷ್ಟ್ರಿಗೆ ಆಗ ಹೊಳೆಯಿತು. ಗಂಡಾಂತರದಲ್ಲಿರುವುದು ಭೌತಶಾಸ್ತ್ರವಲ್ಲ. ಆ ಮರ! ಅದು ಕೈಬಿಟ್ಟು ಹೋದರೆ ಈ ಮನೆಯಲ್ಲಿ ಮುದ್ದೆ ಬೇಯುವುದೇ ಸಂದೇಹ.

"ಇರಿ, ಇರಿ," ಎಂದು ಅವರು ಒಲೆಯ ಹತ್ತಿರ ಓಡಿ, ಹೊಸ ಇದ್ದಿಲು ತಂದರು. "ಈ ಗ್ರಾಫು ನಿಮಗೆ ಗೊಂದಲ ಮಾಡ್ತಾ ಇದೆ. ಇನ್ನೊಂದು ಬರೀತೀನಿ. ಅದೇ ಕಾಯಿ, ಅದೇ ಮರ. ಈಗ ಎತ್ತರ ಬೇಡ. ವೇಗ ತೋರಿಸ್ತೀನಿ. ಬೀಳ್ತಾ ಬೀಳ್ತಾ ವೇಗ ಹೆಚ್ಚುತ್ತೆ, ಒಪ್ತೀರಾ?"

"ಒಪ್ದೇ ಏನು. ತಲೆ ಮ್ಯಾಲೆ ಬಿದ್ದೋರು ಹೇಳ್ತಾರೆ."

ಮೇಷ್ಟ್ರು ಪಕ್ಕದಲ್ಲೇ ಮತ್ತೆರಡು ಗೆರೆ ಹಾಕಿ, ಮೂಲೆಯಿಂದ ಬಲಕ್ಕೆ, ಮೇಲಕ್ಕೆ, ಚಿಮ್ಮಿದ ಬಾಣದಂತೆ ಒಂದು ಗೀಟು ಎಳೆದರು. ವೇಗ ಹೆಚ್ಚುತ್ತದಾದ್ದರಿಂದ ಗೀಟು ಮೇಲೇರಲೇಬೇಕು. ಎಳೆದು ಹೆಮ್ಮೆಯಿಂದ ಹಿಂದೆ ಸರಿದು ನಿಂತರು.

ಸಣ್ಣತಿಮ್ಮಯ್ಯ ಆ ಗೀಟಿನ ಗುಂಟ ಕೋಲು ಆಡಿಸಿದ.

"ಮೇಷ್ಟ್ರೇ," ಎಂದ ಸಣ್ಣತಿಮ್ಮಯ್ಯ ಕನಿಕರದಿಂದ, "ಈಗ ಕಾಯಿ ನೆಲದಿಂದ ಆಕಾಸಕ್ಕೆ ಹೋಗ್ತಾ ಐತೆ."

"ಹೋಗ್ತಾ ಇಲ್ಲ! ಬೀಳ್ತಾ ಇದೆ! ಜೋರಾಗಿ ಬೀಳ್ತಾ ಇರೋದರಿಂದ ಮೇಲಕ್ಕೆ ಹೋಗಿದೆ!"

"ಜೋರಾಗಿ ಬಿದ್ರೆ ಮ್ಯಾಲಕ್ಕೆ ಹೋಗ್ತದೆ," ಎಂದು ಕಾಡಸಿದ್ದಪ್ಪ ತಮಗೆ ತಾವೇ ಹೇಳಿಕೊಂಡು, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮತ್ತೆ ಕಟ್ಟಿಕೊಂಡರು.

"ಸರಿ, ಅದೂ ಬೇಡ!" ಮೇಷ್ಟ್ರು ಮತ್ತೆ ಇದ್ದಿಲು ಎತ್ತಿದರು. "ವೇಗ ಎಷ್ಟೆಷ್ಟು ಹೆಚ್ಚುತ್ತೆ ಅನ್ನೋದನ್ನ ಬರೀತೀನಿ. ಅದು ಬಹಳ ಸುಲಭ. ಮೊದಲಿಂದ ಕೊನೇವರೆಗೂ ಒಂದೇ ಸಮ." ಮೂರನೆಯ ಸಲ ಎರಡು ಗೆರೆ ಬಿದ್ದವು. ಈ ಸಲದ ಗೀಟು ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ. ಮಟ್ಟಸವಾಗಿ ಬಲಕ್ಕೆ ನಡೆದು, ಗೋಡೆ ಮುಗಿಯುವವರೆಗೂ ಹೋಯಿತು.

"ಇದರಾಗೆ ಕಾಯಿ ಬೀಳೋದೇ ಇಲ್ಲ," ಎಂದು ಜನರಲ್ಲಿ ಯಾರೋ ಅಂದರು. "ತಿಮ್ಮಯ್ಯನ ತೋಟದ ಮ್ಯಾಲೆ ಹಾರ್ಕೊಂಡು ಕೆರೆ ಕಡೆಗೆ ಹೋಯ್ತು."

ಒಂದೇ ಕಾಯಿ! ಒಂದೇ ಮರ! ಒಮ್ಮೆ ಪಕ್ಕದ ತೋಟಕ್ಕೆ, ಒಮ್ಮೆ ಆಕಾಶಕ್ಕೆ, ಒಮ್ಮೆ ಕೆರೆಗೆ. ಮೇಷ್ಟ್ರು ಮೊದಲ ಚಿತ್ರದತ್ತ ತಿರುಗಿ ನೋಡಿದರು. ಅಯ್ಯೋ ಶಿವನೇ, ಉದ್ದಗೆರೆ ಅವರಿಗೂ ಮರದಂತೆಯೇ ಕಂಡಿತು! ಅಡ್ಡಗೆರೆಯ ಮೇಲೆ ಹುಲ್ಲೊಂದು ಇಲ್ಲ ಅಷ್ಟೆ. ಇಪ್ಪತ್ತೆರಡು ವರ್ಷದಿಂದ ತಾವು ಪಾಠ ಮಾಡಿದ್ದು ಕಾಲವನ್ನೋ ನೆಲವನ್ನೋ ಎಂಬುದು ಅವರಿಗೇ ಒಂದು ಕ್ಷಣ ಖಾತ್ರಿಯಾಗಲಿಲ್ಲ.

"ಪ್ರಯೋಗ!" ಎಂದು ಕೂಗಿದರು. "ಗೋಡೆ ಬೇಡ. ಮರದ ಹತ್ತಿರ ಹೋಗೋಣ. ಕಣ್ಣಾರೆ ನೋಡಿ!"

ಎಲ್ಲರೂ ತೋಟಕ್ಕೆ ನಡೆದರು. ಮರ ಹತ್ತುವ ಹುಚ್ಚಣ್ಣನಿಗೆ ಹೇಳಿ ಕಳಿಸಿದರು. ಹುಚ್ಚಣ್ಣ ಕಾಲಿಗೆ ಹಗ್ಗ ಹಾಕಿಕೊಂಡು ಸರಸರ ಏರಿ, ಗರಿಗಳ ನಡುವಿನಿಂದ ತಲೆ ಹೊರಗೆ ಹಾಕಿದ.

"ಮೇಷ್ಟ್ರೇ, ಯಾವ ಕಡೆ ಗೊನೇಲಿ ಕೀಳ್ಲಿ?"

"ಯಾವುದಾದರೇನಪ್ಪ, ಒಂದು ಕೀಳು!"

"ಹಂಗಲ್ಲ ಸಿವಾ. ಈ ಕಡೆ ಕಿತ್ರೆ ಈ ಕಡೆ ಬೀಳ್ತದೆ, ಆ ಕಡೆ ಕಿತ್ರೆ ಆ ಕಡೆ ಬೀಳ್ತದೆ. ಯಾರು ಗೆಲ್ಬೇಕು ಅಂತ ಹೇಳಿ, ಅಂಗೇ ಬೀಳಿಸ್ತೀನಿ."

ಕೆಳಗಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಸಾಲದ್ದಕ್ಕೆ, ಕಿತ್ತ ಕಾಯಿ ಉದುರಿದ ಕಾಯಿ ಆಗುವುದಿಲ್ಲ ಎಂದು ಸಣ್ಣತಿಮ್ಮಯ್ಯ ತಕರಾರು ತೆಗೆದ. ಅದೂ ಸರಿಯೇ. ಪ್ರಯೋಗ ಮೇಲೆಯೇ ಉಳಿಯಿತು, ಹುಚ್ಚಣ್ಣ ಕೆಳಗಿಳಿದ, ಜನ ಮತ್ತೆ ಜಗುಲಿಗೆ ಬಂದರು.

ಕಾಡಸಿದ್ದಪ್ಪ ಗೋಡೆಗೆ ಬೆನ್ನು ಕೊಟ್ಟು ಕುಳಿತರು. ಅದನ್ನು ಇನ್ನು ನೋಡುವ ಧೈರ್ಯ ಅವರಿಗಿದ್ದಂತಿರಲಿಲ್ಲ.

"ನೋಡಪ್ಪ ಮಲ್ಲಿಕಾರ್ಜುನ, ನೀನು ಓದ್ದೋನು. ಆದ್ರೆ ಒಂದು ಕಾಯಿಗೆ ಮೂರು ಹೇಳಿಕೆ ಕೊಟ್ಟೆ. ಕೋರ್ಟಿನಾಗೂ ಮೊದಲ್ನೇ ಹೇಳಿಕೇನೇ ಹಿಡಿಯೋದು. ಆಮೇಲಿಂದೆಲ್ಲ ಲಾಯರು ಹೇಳ್ಕೊಟ್ಟದ್ದು. ಮೊದಲ್ನೇದು ನೀನು ಯಾರ ಬಲವಂತವೂ ಇಲ್ದೆ, ಕೂದಲೆಳೆಯಷ್ಟೂ ತಪ್ಪಿಲ್ಲ ಅಂತ ಹೇಳಿ ಬರ್ದಿದ್ದು. ಅದ್ರ ಪ್ರಕಾರ ಉದುರಿದ ಕಾಯಿ..."

"ಯಜಮಾನ್ರೇ, ಮಜ್ಜಿಗೆ ಕುಡಿದು ಹೇಳಿ," ಎಂದು ಹೊಂಬಾಳಮ್ಮ ಹೊರಗೆ ಬಂದರು.

ಲೋಟ ಕೊಟ್ಟು, ಸೆರಗು ಸಿಕ್ಕಿಸಿ, ಗೋಡೆಯ ಪಕ್ಕದಲ್ಲಿ ನಿಂತರು. ಗಂಡನ ಕಡೆ ನೋಡಲಿಲ್ಲ.

"ತಿಮ್ಮಯ್ಯಣ್ಣ, ಈ ಮೊದಲ್ನೇ ಚಿತ್ರ ಸರಿಯಾಗೈತೆ ಅಂತ ನೀನು ಒಪ್ತೀಯಾ?"

"ಒಪ್ತೀನಿ ಕಣಕ್ಕ. ಎಲ್ಲಾರ್ ಮುಂದೆ ಒಪ್ತೀನಿ."

"ಪೂರಾ ಒಪ್ತೀಯಾ, ಬೇಕಾದಷ್ಟೇ ಒಪ್ತೀಯಾ?"

"ಪೂರಾ!"

"ಹಂಗಾರೆ ಎಣಿಸು. ಎಷ್ಟು ಕಾಯಿ ಅವೆ?"

ಸಣ್ಣತಿಮ್ಮಯ್ಯ ಕೋಲಿನಿಂದ ಎಣಿಸಿದ. "ಐದು."

"ಮೇಲಿರೋದು?"

"ಮರದಾಗೇ ಐತೆ. ನಿಂದೇ."

"ಕೆಳಗಿರೋದು?"

"ನಮ್ಮ ನೆಲ ಮುಟ್ಟೈತೆ. ನಂದು."

"ತಗೋ, ಬೇಡ ಅಂದೋರ್ಯಾರು? ನಡುವೆ ಇರೋ ಮೂರು?"

ಸಣ್ಣತಿಮ್ಮಯ್ಯ ಕೋಲಿನ ತುದಿಯಿಂದ ಕಿವಿ ಕೆರೆದುಕೊಂಡ. "ಅವು ಬೀಳ್ತಾ ಅವೆ."

"ಬೀಳ್ತಾ ಅವೆ. ಬಿದ್ದಿಲ್ಲ. ನೆಲ ಮುಟ್ಟಿದ್ದು ನೆಲದೋರ್ದು. ಮುಟ್ಟದೆ ಇದ್ದದ್ದು ಬುಡದೋರ್ದು. ಊರ ಕಟ್ಟಳೆ ನಾನು ಮಾಡಿದ್ದಲ್ಲ. ಆ ಮೂರು ನೆಲ ಮುಟ್ಟಿದಾವಾ?"

"ಈಗ ಮುಟ್ಟಿಲ್ಲ... ಆದ್ರೆ ಮುಟ್ತಾವಲ್ಲಕ್ಕ! ಗಾಳೀಲಿರೋವು ಎಲ್ಲಿಗೆ ಹೋಗ್ತವೆ?"

"ಮುಟ್ಟಿದ ದಿನ ಬಂದು ತಗೊಂಡೋಗು. ನಮ್ಮೆಜಮಾನ್ರು ಬರ್ದು ಮೂರು ವಾರ ಆಯ್ತು. ದಿನಾ ಗುಡಿಸೋವಾಗ ನೋಡ್ತಾ ಇದೀನಿ. ಒಂದು ಗೇಣೂ ಕೆಳಗಿಳಿದಿಲ್ಲ!"

ಜಗುಲಿಯ ಮೇಲೆ ಮಜ್ಜಿಗೆ ಚೆಲ್ಲಿತು. ಕಾಡಸಿದ್ದಪ್ಪ ಹಾಗೆ ನಕ್ಕಿದ್ದರು. ಇನ್ನು ಮುಂದೆ ಉದುರುವ ಪ್ರತಿ ಐದರಲ್ಲಿ ಒಂದು ತಿಮ್ಮಯ್ಯನಿಗೆ, ನಾಲ್ಕು ಹೊಂಬಾಳಮ್ಮನಿಗೆ! ಗಾಳಿಯ ಲೆಕ್ಕ ನೋಡಿದರೂ ಇದು ಅಷ್ಟೇನೂ ಅನ್ಯಾಯವಲ್ಲ ಎಂದು ಜನ ತಲೆದೂಗತೊಡಗಿದರು.

"ತಪ್ಪು! ತಪ್ಪು!" ಮೂಲೆಯಲ್ಲಿ ನಿಂತಿದ್ದ ಮಲ್ಲಿಕಾರ್ಜುನಯ್ಯನವರಿಗೆ ತಡೆಯಲಾಗಲಿಲ್ಲ. ಇಪ್ಪತ್ತೆರಡು ವರ್ಷದ ಕೆಂಪು ಶಾಯಿ ಮೈಯಲ್ಲಿ ಕುದಿಯಿತು. "ಅದು ಐದು ಕಾಯಿ ಅಲ್ಲ! ಅದು ಒಂದೇ..."

ಹೊಂಬಾಳಮ್ಮ ಮೆಲ್ಲಗೆ ತಿರುಗಿ ನೋಡಿದರು. ಆ ನೋಟದಲ್ಲಿ ಎಚ್ಚರಿಕೆ ಇತ್ತು, ಬೆದರಿಕೆ ಇತ್ತು, ರಾತ್ರಿಯ ಊಟದ ಪ್ರಸ್ತಾಪವೂ ಇತ್ತು.

"ಒಂದೇ ಏನು ಮೇಷ್ಟ್ರೇ?" ಸಣ್ಣತಿಮ್ಮಯ್ಯ ಕುತ್ತಿಗೆ ಉದ್ದ ಮಾಡಿದ. "ಒಂದೇ ಕಾಯಾ?"

ಮೇಷ್ಟ್ರು ಬಾಯಿ ತೆರೆದೇ ಲೆಕ್ಕ ಹಾಕಿದರು. ಒಂದೇ ಕಾಯಿ ಎಂದರೆ ಭೌತಶಾಸ್ತ್ರ ಉಳಿಯುತ್ತದೆ. ಆದರೆ ಆ ಒಂದು ಕಾಯಿ ಎರಡಕ್ಕೆ ಬಂದು ನೆಲ ಮುಟ್ಟಿದೆ, ತಿಮ್ಮಯ್ಯನ ನೆಲ. ಆಗ ಮರದ ಕಾಯಿಯೆಲ್ಲ ಅವನದು. ಐದು ಎಂದರೆ ಮರ ಉಳಿಯುತ್ತದೆ. ಆದರೆ ಮೂವತ್ತೆಂಟು ಮಕ್ಕಳಿಗೆ ಸೊನ್ನೆ ಕೊಟ್ಟ ಕೈ, ಮೂವತ್ತೊಂಬತ್ತನೆಯ ಸೊನ್ನೆಯನ್ನು ತನಗೇ ಕೊಟ್ಟುಕೊಳ್ಳಬೇಕು. ಒಂದು ಕಿವಿಯನ್ನು ಸತ್ಯ ಹಿಡಿದೆಳೆಯಿತು. ಇನ್ನೊಂದು ಕಿವಿ ಹೆಂಡತಿಯ ಕೈಯಲ್ಲಿತ್ತು.

"ಹೇಳಪ್ಪ," ಎಂದರು ಕಾಡಸಿದ್ದಪ್ಪ. "ಬರ್ದೋನು ನೀನು. ಒಂದೋ, ಐದೋ?"

"ಐದು," ಎಂದರು ಮೇಷ್ಟ್ರು.

"ಜೋರಾಗಿ ಹೇಳು, ಹಿಂದಿನೋರಿಗೂ ಕೇಳಿಸ್ಲಿ."

"ಐದು! ಬೇರೆ ಬೇರೆ ಐದು ಕಾಯಿ!"

ತೀರ್ಪಾಯಿತು. ಜನ ಚದುರಿದರು. ಸಣ್ಣತಿಮ್ಮಯ್ಯ ಮಾತ್ರ ಹೋಗುವ ಮುನ್ನ ಗೋಡೆಯ ಮೇಲಿನ ಮೂರು ಕಾಯಿಗಳನ್ನು ಇನ್ನೊಮ್ಮೆ ದಿಟ್ಟಿಸಿ, ಕೆಳಗಿನ ಅಡ್ಡಗೆರೆಯನ್ನು ಅಂಗೈಯಿಂದ ಮುಟ್ಟಿ ನೋಡಿ ಹೋದ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಮೇಷ್ಟ್ರು ಬಹಳ ಹೊತ್ತು ಮುದ್ದೆ ಮುರಿಯಲಿಲ್ಲ.

"ನಿನಗೆ ಏನೂ ಗೊತ್ತಾಗಲಿಲ್ಲ ಅಂತ ನನಗೆ ಬೇಜಾರಿಲ್ಲ ಕಣೇ," ಎಂದು ಕೊನೆಗೆ ಅಂದರು. "ಗೆದ್ದೆಯಲ್ಲ, ಸಂತೋಷ. ಆದರೆ ಸತ್ಯ ಏನಂದರೆ..."

"ಒಂದೇ ಕಾಯಿ," ಎಂದರು ಹೊಂಬಾಳಮ್ಮ ಸಾರು ಬಡಿಸುತ್ತಾ.

ಮೇಷ್ಟ್ರು ತಲೆಯೆತ್ತಿದರು.

"ಅರ್ಧರ್ಧ ಸೆಕೆಂಡಿಗೆ ಒಂದ್ಸಲ ನೋಡಿದ್ರೆ ಎಲ್ಲೆಲ್ಲಿರ್ತದೆ ಅಂತ ಬರ್ದೀರಿ. ಐದು ಬೇರೆ ಬೇರೆ ಕಾಯಾಗಿದ್ರೆ ನಡುವಿನ ಅಂತರ ಕೆಳಕ್ಕೆ ಬರ್ತಾ ಬರ್ತಾ ಯಾಕೆ ಹಂಗೆ ದೊಡ್ಡದಾಗ್ಬೇಕು? ಬೀಳ್ತಾ ಬೀಳ್ತಾ ಜೋರಾಗ್ತದೆ, ಅದಕ್ಕೆ. ಇದರಾಗೆ ಏನೈತೆ ಮಹಾ?"

"ಹೊಂಬಾಳಾ!" ಮೇಷ್ಟ್ರು ಎದ್ದೇ ನಿಂತರು. "ನಲವತ್ತೆರಡು ಜನರಲ್ಲಿ ಒಬ್ಬರಾದರೂ ಇದನ್ನ ಬರೀಲಿಲ್ಲ! ಯಾವಾಗ ಗೊತ್ತಾಯ್ತು ನಿನಗೆ?"

"ನೀವು ಬರ್ದ ಮಾರ್ನೇ ದಿನ, ಗುಡಿಸೋವಾಗ."

"ಮತ್ತೆ ಅವರ ಮುಂದೆ ಯಾಕೆ ಹೇಳಲಿಲ್ಲ? ಊರಿಗೆಲ್ಲ ಗ್ರಾಫು ಅರ್ಥ ಆಗೋದು!"

"ಊರಿಗೆ ಅರ್ಥ ಆಗೋಹೊತ್ತಿಗೆ ಮರ ಯಾರ್ದಾಗಿರ್ತಿತ್ತು? ಕೂತ್ಕೊಂಡು ತಿನ್ನಿ."

ಮೇಷ್ಟ್ರು ಕೂತು ತಿಂದರು. ತಿಂದವರು, ಸಂಜೆಯೇ ಗೋಡೆಗೆ ಸುಣ್ಣ ಬಳಿದು ಆ ಅವಮಾನವನ್ನು ಅಳಿಸಿಬಿಡುವುದೆಂದು ಬಕೆಟ್ಟು ಹಿಡಿದು ಹೊರಟರು.

"ಮುಟ್ಟೀರಾ ಜೋಕೆ!" ಒಳಗಿನಿಂದ ಕೂಗು ಬಂತು. "ಮಿಕ್ಕಿದ್ದೆರಡು ಅಳಿಸ್ಕೊಳ್ಳಿ. ಮೊದಲ್ನೇದು ನಂದು. ಊರೋರ ಮುಂದೆ ಆದ ಪತ್ರ ಅದು."

ಆಕಾಶಕ್ಕೆ ಹೋದ ಕಾಯಿಗೂ ಕೆರೆಗೆ ಹಾರಿದ ಕಾಯಿಗೂ ಸುಣ್ಣ ಬಿತ್ತು. ಮೊದಲನೆಯದು ಹಾಗೇ ಉಳಿಯಿತು. ಮಳೆ ಎರಚಲು ಬಡಿಯಬಾರದೆಂದು ಹೊಂಬಾಳಮ್ಮ ಅದಕ್ಕೆ ಗರಿಯ ಒಂದು ತಡಿಕೆಯನ್ನೂ ಕಟ್ಟಿದರು.

ಮುಂದಿನ ಭಾನುವಾರ ಪರೀಕ್ಷೆಗೆ ಮುಂಚಿನ ವಿಶೇಷ ಪಾಠವೆಂದು ಹನ್ನೆರಡು ಮಕ್ಕಳು ಜಗುಲಿಗೆ ಬಂದು ಕುಳಿತರು. ಪಕ್ಕದಲ್ಲಿ ತನ್ನ ಬೇಲಿಯ ಬಳಿ ಸಣ್ಣತಿಮ್ಮಯ್ಯ ಕಾಯಿ ಸುಲಿಯುತ್ತಾ ಕುಳಿತಿದ್ದ. ಕೈ ಸಿಪ್ಪೆಯ ಮೇಲಿತ್ತು, ಕಿವಿ ಜಗುಲಿಯ ಮೇಲಿತ್ತು. ಬಾಗಿಲಲ್ಲಿ ಹೊಂಬಾಳಮ್ಮ ಅಕ್ಕಿ ಆರಿಸುತ್ತಿದ್ದರು. ಸೈಕಲ್ ಸವಾರನ ಗುಡ್ಡಕ್ಕೆ ಹೆಸರಿಟ್ಟಿದ್ದ ಹುಡುಗಿ ಗೋಡೆಯನ್ನು ನೋಡಿ ನೋಡಿ, ಕೈಯೆತ್ತಿದಳು.

"ಸಾರ್, ಇದು ಒಂದೇ ಕಾಯೀನ ಐದು ಸಲ ಬರ್ದಿರೋದಾ, ಐದು ಬೇರೆ ಬೇರೆ ಕಾಯಾ?"

ಬೇಲಿಯ ಬಳಿ ಸಿಪ್ಪೆ ಸುಲಿಯುವ ಸದ್ದು ನಿಂತಿತು. ಬಾಗಿಲಲ್ಲಿ ಮೊರ ಆಡುವುದು ನಿಂತಿತು. ಮಲ್ಲಿಕಾರ್ಜುನಯ್ಯ ಮೇಷ್ಟ್ರು ಒಮ್ಮೆ ಬೇಲಿಯ ಕಡೆ ನೋಡಿದರು, ಒಮ್ಮೆ ಬಾಗಿಲ ಕಡೆ ನೋಡಿದರು, ಗಂಟಲು ಸರಿಮಾಡಿಕೊಂಡರು.

"ಪರೀಕ್ಷೆಯಲ್ಲಿ ಒಂದು," ಎಂದರು. "ಈ ಜಗುಲಿಯಲ್ಲಿ ಐದು."

ಹನ್ನೆರಡು ಮಕ್ಕಳೂ ತಲೆ ಬಗ್ಗಿಸಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.